ಮುಸುರೆಯೆಂದು ತೊಳೆದ ಬೋಗುಣಿ

ಶೈಲಜಾ ಮೇಡಂ, ಐದನೆಯ ಸಲಕ್ಕೆ ನೀವು ಬಳಸಿದ ದ್ರಾವಕ ಹಳೆಯದಾಗಿರಲಿಲ್ಲ. ನಾನು ಹೊಸದಾಗಿ ಕಾಸಿ, ಬಣ್ಣ ಬರಿಸಿ, ಹಳೆಯದೆಂದು ನಿಮ್ಮ ಮುಂದೆ ಇಟ್ಟದ್ದು. ಹಳೆಯದನ್ನು ನಾನೇ ನಾರು ಹಚ್ಚಿ ತಿಕ್ಕಿ ಮೋರಿಗೆ ಹರಿಸಿದ್ದೆ.

ಇಷ್ಟು ಮಾತು ಒಂಬತ್ತು ವರ್ಷ ನನ್ನ ಬಾಯಿಂದ ಹೊರಬೀಳಲಿಲ್ಲ. ಅದಕ್ಕೇ ಮೊದಲು ಅದನ್ನೇ ಬರೆದುಬಿಟ್ಟೆ. ಹಿಂದುಮುಂದಿನದೆಲ್ಲ ಹೇಳಿ ಆಮೇಲೆ ಹೇಳೋಣವೆಂದರೆ ನಡುವೆ ಎಲ್ಲಾದರೂ ಜಾರಿಕೊಂಡೇನು — ನನ್ನ ಪರಿಚಯ ನನಗಿದೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರಿಸಬೇಡಿ. ಇದನ್ನು ನೀವೊಬ್ಬರೇ ಓದಿದರೆ ಸಾಲದು. ನಿಮ್ಮ ಬೆನ್ನ ಹಿಂದೆ ಆಡಿಕೊಂಡವರೂ ಓದಬೇಕು.

ನಾನು ಮಹಾನಂದಾ. ಗಡಿಯಾಚೆಯ ಮರಾಠಿ ಸೀಮೆಯ ನಿಲಂಗಾದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬಿನ ಸಹಾಯಕಿ. ಗಾಜಿನ ಪಾತ್ರೆ ತೊಳೆಯುವುದು, ಬಾಟಲಿ ಜೋಡಿಸುವುದು, ತೂಗಿದ್ದನ್ನು ಬರೆದಿಡುವುದು ನನ್ನ ಕೆಲಸ. ನೀವು ಔರಾದ ಶಹಾಜನಿಯ ಜೋಳದ ವ್ಯಾಪಾರಿಗಳ ಮಗಳು, ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಪಾಠ ಹೇಳುತ್ತಲೇ ಡಾಕ್ಟರೇಟ್ ಮಾಡಬೇಕೆಂದು ಹೊರಟವರು. ಬಂದ ಮೊದಲ ವಾರ ನನ್ನನ್ನು ಎಲ್ಲರಂತೆ ‘ಮಹಾನಂದಾಬಾಯಿ’ ಎಂದಿರಿ. ಒಂದು ದಿನ ನಾನು ಕೈ ತಪ್ಪಿ ಅಳತೆಯ ಗಾಜಿನ ಜಾರ್ ಕೆಡವಿ, “ಅಯ್ಯ ಶಿವನೇ!” ಎಂದು ಕನ್ನಡದಲ್ಲೇ ಕೂಗಿದ್ದನ್ನು ಕೇಳಿ ಒಳಗಿಂದ ಓಡಿ ಬಂದಿರಿ.

“ನೀ ನಮ್ಮಾಕೀನ? ಇಷ್ಟ ದಿನಾ ನನ್ನ ಕೂಡ ಮರಾಠಿ ಯಾಕ ಮಾತಾಡ್ದಿ?”

“ನೀವು ಮಾತಾಡಿದ್ರಿ, ನಾನೂ ಮಾತಾಡ್ದೆ. ಜಾರ್ ಒಡೀತ್ರಿ ಮ್ಯಾಡಂ.”

“ಒಡೀಲಿ ಬಿಡು. ಅಕ್ಕ ಸಿಕ್ಕಳು.”

ಅವತ್ತಿನಿಂದ ನಾನು ಅಕ್ಕ. ಆ ಒಂದು ಶಬ್ದವನ್ನು ನಾನು ಎಷ್ಟು ಜೋಪಾನ ಮಾಡಿದೆನೆಂದರೆ — ಬಹುಶಃ ಅದನ್ನು ಉಳಿಸಿಕೊಳ್ಳಲಿಕ್ಕೇ... ಇಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಕೆಲಸ ತೊಗರಿ ಕಟ್ಟಿಗೆಯದು. ರಾಶಿ ಮುಗಿದ ಮೇಲೆ ನಮ್ಮ ಕಡೆ ಕಟ್ಟಿಗೆ ಒಲೆಗೆ ಹೋಗುತ್ತದೆ, ಉಳಿದದ್ದನ್ನು ಹೊಲದ ಬದುವಿನಲ್ಲೇ ಸುಡುತ್ತಾರೆ. ಮುರುಮದ ಕಡೆಯ ಕಬ್ಬಿನ ಸಿಪ್ಪೆಯನ್ನಾದರೆ ಕಾರ್ಖಾನೆಯವರೇ ಉರಿಸಿಕೊಳ್ಳುತ್ತಾರೆ. ತೊಗರಿ ಕಟ್ಟಿಗೆಯನ್ನು ಕೇಳುವವರಿಲ್ಲ ಎಂದು ನೀವು ಅದನ್ನೇ ಹಿಡಿದಿರಿ. ಕಟ್ಟಿಗೆಯೊಳಗೆ ನಾರು ಇರುತ್ತದೆ, ನಾರನ್ನು ಬಿಗಿದು ಹಿಡಿದ ಅಂಟು ಇರುತ್ತದೆ. ಆ ಅಂಟಿಗೆ ಲಿಗ್ನಿನ್ ಎನ್ನುತ್ತಾರೆ ಎಂದು ನೀವೇ ಹೇಳಿಕೊಟ್ಟಿರಿ. ಅಂಟನ್ನು ಬಿಡಿಸಿದರೆ ನಾರಿನಿಂದ ಸಕ್ಕರೆ, ಸಕ್ಕರೆಯಿಂದ ಗಾಡಿಗೆ ಹಾಕುವ ಇಂಧನ. ಅಂಟಿನಿಂದಲೂ ಏನೇನೋ ರಾಸಾಯನಿಕ ಮಾಡಬಹುದು. ಬಿಡಿಸುವ ಹಳೆಯ ದಾರಿಗಳು ಕೈ ಸುಡುವ ಆಮ್ಲದವು, ಮೂಗು ಕಟ್ಟುವ ವಾಸನೆಯವು. ಕಡೆಗೆ ಆ ನೀರನ್ನು ಎಲ್ಲಿ ಚೆಲ್ಲಬೇಕೆಂಬುದೇ ಒಂದು ಕಷ್ಟ. ನೀವು ಹುಡುಕಿದ್ದು ಭೂಮಿಗೆ ಬಿದ್ದರೂ ಭೂಮಿ ಕೆಡದಂಥ ದ್ರಾವಕವನ್ನು. ಕೋಳಿ ಸಾಕುವವರು ಆಹಾರದಲ್ಲಿ ಬೆರೆಸುವ ಕೋಲೀನ್ ಎಂಬ ಬಿಳಿ ಪುಡಿ, ಮೊಸರನ್ನು ಹುಳಿ ಮಾಡುವ ಲ್ಯಾಕ್ಟಿಕ್ ಆಮ್ಲ — ಎರಡನ್ನೂ ಅಳತೆಯಲ್ಲಿ ಕೂಡಿಸಿ ಕಾಸಿದರೆ, ನೀರು ಹಾಕದೆಯೇ ತಿಳಿಯಾದ ಪಾಕವಾಗುತ್ತಿತ್ತು. ಅದರಲ್ಲಿ ಕಟ್ಟಿಗೆಯ ಪುಡಿ ಬೇಯಿಸಿದರೆ ಅಂಟು ಕರಗಿ ನಾರು ಉಳಿಯುತ್ತಿತ್ತು.

“ಕೋಳಿ ಪುಡಿ, ಮೊಸರಿನ ಹುಳಿ, ತೊಗರಿ ಕಟಗಿ. ಇದು ಪ್ರಯೋಗ ಅಲ್ರಿ ಮ್ಯಾಡಂ, ಅಡಗಿ,” ಎಂದೆ ನಾನು.

“ಅಡಗೀನೇ ಅಕ್ಕಾ. ನೀ ಒಗ್ಗರಣಿ ಒಂದು ಕೊಡಬ್ಯಾಡ ಮತ್ತ.”

ಮಳೆಗಾಲದಲ್ಲಿ ಆ ಪುಡಿ ಗಾಳಿಯ ಪಸೆ ಕುಡಿದು ಉಪ್ಪಿನ ಹಾಗೆ ನೀರೊಡೆಯುತ್ತಿತ್ತು. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಬಿಗಿಯುವುದನ್ನು ನಾನು ಉಪ್ಪಿನಕಾಯಿಯ ಭರಣಿಯಿಂದ ಕಲಿತಿದ್ದೆ, ನೀವು ನನ್ನಿಂದ ಕಲಿತಿರಿ. ಮಧ್ಯಾಹ್ನ ಇಬ್ಬರೂ ಜರಡಿ ಹಿಡಿದು ಕಟ್ಟಿಗೆಯ ಪುಡಿ ಸೋಸುತ್ತಿದ್ದೆವು; ಮೂಗು, ಹುಬ್ಬು, ಸೆರಗು ಎಲ್ಲ ಕಂದು. ನನ್ನ ಖಡಕ್ ರೊಟ್ಟಿ, ನಿಮ್ಮ ಡಬ್ಬಿಯ ಶೇಂಗಾ ಚಟ್ನಿ. ಕಿಟಕಿಯಾಚೆ ಔರಾದಿಗೆ ಹೋಗುವ ಜೀಪಿನವನು ಸೀಟು ತುಂಬಲಿಲ್ಲವೆಂದು ಕೂಗುತ್ತಲೇ ಇರುತ್ತಿದ್ದ. ನನ್ನ ಬಾಳಿನಲ್ಲಿ ಸುಖದ ದಿನ ಯಾವುವು ಎಂದು ಯಾರಾದರೂ ಕೇಳಿದರೆ, ಮದುವೆಯ ದಿನಕ್ಕಿಂತ ಮೊದಲು ಈ ಮಧ್ಯಾಹ್ನಗಳೇ ನೆನಪಾಗುತ್ತವೆ.

ನನ್ನ ದಿನಚರಿಯ ವಹಿ ನಿಮಗೆ ನೆನಪಿರಬೇಕು. ಆಳಂದದ ಅಜ್ಜಿಯ ಮನೆಯಲ್ಲಿದ್ದು ಹತ್ತನೆಯವರೆಗೆ ಕನ್ನಡ ಶಾಲೆ ಕಲಿತವಳು ನಾನು. ಲೆಕ್ಕದ ಪುಸ್ತಕ ಮರಾಠಿಯಲ್ಲಿದ್ದರೂ ನನ್ನ ವಹಿ ಕನ್ನಡದಲ್ಲೇ ಇರುತ್ತಿತ್ತು. ಏನು ತೂಗಿದೆವು, ಏನು ಚೆಲ್ಲಿತು, ನಳದ ನೀರು ಎಷ್ಟು ಹೊತ್ತಿಗೆ ಬಂತು, ಕರೆಂಟು ಎಷ್ಟು ಹೊತ್ತು ಹೋಯಿತು.

“ನನಗ ಮಾತಾಡ್ಲಿಕ್ಕ ಬರ್ತದ, ಓದ್ಲಿಕ್ಕ ಬರಂಗಿಲ್ಲ ನೋಡಕ್ಕಾ,” ಎಂದಿರಿ ನೀವು. “ಕನ್ನಡ ಅಂದ್ರ ನಮ್ಮವ್ವನ ಬೈಗುಳ ಅಷ್ಟೇ.”

ಬಾಟಲಿಗಳ ಮೇಲೆ ಮರಾಠಿಯ ಚೀಟಿಯ ಪಕ್ಕ ಕನ್ನಡದ ಚೀಟಿ ಅಂಟಿಸಿದೆ. ಆರು ತಿಂಗಳಲ್ಲಿ ನೀವು ನನ್ನ ವಹಿಯನ್ನು ಬೆರಳಿಟ್ಟು ಓದತೊಡಗಿದಿರಿ. ನೀವು ಓದಿದ ಮೊದಲ ಕನ್ನಡ ನನ್ನ ಅಕ್ಷರ. ನಿಮಗೆ ಮೋಸ ಮಾಡಿದ್ದೂ ಅದೇ ಅಕ್ಷರ.

ಈಗ ಆ ಕೆಲಸದ ಮುಖ್ಯ ಮಾತಿಗೆ ಬರುತ್ತೇನೆ. ದ್ರಾವಕ ಎಷ್ಟೇ ಸಾತ್ವಿಕವಾಗಿದ್ದರೂ, ಒಂದು ಸಲ ಬಳಸಿ ಚೆಲ್ಲುವುದಾದರೆ ಅರ್ಥವಿಲ್ಲ. ಬೇಯಿಸಿದ ಮೇಲೆ ಸೋಸಿ, ನೀರು ಹಾಕಿ, ಕೆಳಗೆ ಕೂತ ಲಿಗ್ನಿನ್ನಿನ ಕಂದು ಪುಡಿಯನ್ನು ತೆಗೆದು, ನೀರನ್ನು ಮತ್ತೆ ಆರಿಸಿದರೆ ದ್ರಾವಕ ತಿರುಗಿ ಸಿಗಬೇಕು. ಅದರಲ್ಲೇ ಮತ್ತೆ ಬೇಯಿಸಬೇಕು. ಎಷ್ಟು ಸಲ ಅದು ತಾಳುತ್ತದೆ? ನಿಮ್ಮ ಪ್ರಶ್ನೆ ಇದೊಂದೇ. ನೀರು ಆರಿಸುವ ಕೆಲಸ ನನ್ನದು. ದೊಡ್ಡ ಪಿಂಗಾಣಿ ಬೋಗುಣಿಯಲ್ಲಿ ಸಣ್ಣ ಕಾವಿನ ಮೇಲಿಟ್ಟು ಕಾಯಬೇಕು. ಅವಸರ ಮಾಡಿದರೆ ತಳ ಹತ್ತುತ್ತದೆ. ಒಂದೊಂದು ಸಲಕ್ಕೂ ಮೊದಲು ಒಂದು ಪುಟ್ಟ ಸೀಸೆಯಲ್ಲಿ ಚೂರು ದ್ರಾವಕ ತೆಗೆದಿಡುತ್ತಿದ್ದೆವು. ಮೊದಲನೆಯದು ನೀರಿನಂತೆ, ಎರಡನೆಯದು ಜೇನಿನಂತೆ, ಮೂರನೆಯದು ಬೆಲ್ಲದ ಪಾಕದಂತೆ, ನಾಲ್ಕನೆಯದು ಸಕ್ಕರೆ ಕಾರ್ಖಾನೆಯ ಕಾಕಂಬಿಯಂತೆ ಕಪ್ಪಗೆ.

ನಾಲ್ಕು ಸಲ ಮುಗಿದಿತ್ತು. ಪ್ರತಿ ಸಲ ಫಲ, ಎಂದರೆ ಬಿಡಿಸಿ ಬಂದ ಲಿಗ್ನಿನ್ನಿನ ತೂಕ, ತುಸು ತುಸು ಇಳಿಯುತ್ತಿತ್ತು, ಅದು ನಿಮಗೆ ಒಪ್ಪಿಗೆಯೇ ಇತ್ತು. ಐದನೆಯದನ್ನು ಮುಗಿಸಿ ಮುಂದಿನ ವಾರ ಪುಣೆಗೆ ಹೋಗಿ ನಿಮ್ಮ ಮಾರ್ಗದರ್ಶಕರ ಮುಂದೆ ಎಲ್ಲವನ್ನೂ ಇಡಬೇಕಿತ್ತು. ನಾಲ್ಕು ಸಲ ದಾಟಿ ಬಂದ ದ್ರಾವಕ ಬೋಗುಣಿಯಲ್ಲಿ ಆರುತ್ತಿತ್ತು.

ಅದು ಎಳ್ಳಮಾಸಿಯ ಹಿಂದಿನ ದಿನ. ನಮ್ಮ ಸೀಮೆಯಲ್ಲಿ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುವ ಹಬ್ಬ. ಹೊಲದಲ್ಲಿ ಜೋಳದ ದಂಟಿನ ಗುಡಿಸಲು, ಅದರೊಳಗೆ ಪೂಜೆ, ಗಡಿಗೆಯ ತುಂಬ ಮಜ್ಜಿಗೆಯ ಅಂಬಲಿ, ಹಸಿ ಕಾಳುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ. ಮೊದಲ ಪಾಲನ್ನು ಭೂಮಿಗೆ ಚರಗ ಚೆಲ್ಲಿ ಆಮೇಲೆ ನಮ್ಮ ಊಟ. ದಾಳಿಂಬ ಎಂಬ ಊರಿನ ನನ್ನ ಅತ್ತೆಯ ಮನೆಯಲ್ಲಿ ಇದಕ್ಕೊಂದು ಕಟ್ಟುನಿಟ್ಟು ಉಂಟು. ಹಿಂದಿನ ದಿನ ದೀಪ ಹಚ್ಚುವುದರೊಳಗೆ ಒಂದೇ ಒಂದು ಮುಸುರೆ ಪಾತ್ರೆ ಇರಕೂಡದು. ತಳ ಹತ್ತಿದ್ದು, ಕರೆ ಹಿಡಿದದ್ದು, ನಿನ್ನೆಯದು ಉಳಿದದ್ದು — ಎಲ್ಲವನ್ನೂ ತಿಕ್ಕಿ ಬೋರಲು ಹಾಕಬೇಕು. ಹಳೆಯದರ ಒಂದು ಹನಿ ತಾಕಿದರೂ ನಾಳೆಯ ಅಂಬಲಿ ಕೆಟ್ಟಿತು ಎಂದು ಅತ್ತೆ ಗಡಿಗೆಯೊಳಗೆ ಕೈ ಹಾಕಿ ಸವರಿ ನೋಡುತ್ತಿದ್ದರು. ಮದುವೆಯಾದ ವರ್ಷದಿಂದ ನನ್ನ ಕೈಗೆ ಇದು ರೂಢಿ.

ನೀವು ಮಧ್ಯಾಹ್ನವೇ ಔರಾದಿಗೆ ಹೊರಟಿರಿ. ಬಾಗಿಲಲ್ಲಿ ನಿಂತು ಹೇಳಿದಿರಿ: “ಬೋಗಣಿ ಆರಿದ ಮ್ಯಾಲ ಮುಚ್ಚಿಡಕ್ಕಾ. ಅದೊಂದು ನಿನ್ನ ಕೈಯಾಗ ಅದ.”

“ನೀವು ಲಗೂನ ಹೋಗ್ರಿ, ಜೀಪ್ ತುಂಬ್ತದ.”

ಅವತ್ತು ನಳ ಬಂದಿತ್ತು. ಎರಡು ದಿನದ ಪಾತ್ರೆಗಳು ಮೋರಿಯ ಹತ್ತಿರ ರಾಶಿ ಬಿದ್ದಿದ್ದವು. ನಾಲ್ಕರ ಬಸ್ಸಿಗೆ ಉಮರ್ಗಾ, ಅಲ್ಲಿಂದ ಸೀಟಿನ ಆಟೋದಲ್ಲಿ ದಾಳಿಂಬ. ತಲೆಯೊಳಗೆ ಅತ್ತೆ, ಅಂಬಲಿ, ಹುರಿಯಬೇಕಾದ ಎಳ್ಳು. ಪಾತ್ರೆ ತೊಳೆಯುತ್ತ ತೊಳೆಯುತ್ತ — ಮೇಜಿನ ಮೇಲಿನ ಬೋಗುಣಿಯನ್ನೂ ಎತ್ತಿಕೊಂಡೆ. ಅಂಚಿಗೆಲ್ಲ ಕಪ್ಪು ಕರೆ, ತಳದಲ್ಲಿ ಕಾಕಂಬಿಯಂಥದ್ದು. ನೋಡಿದೆನೋ ಇಲ್ಲವೋ. ಕೈ ನೋಡಿತು, ಅದಕ್ಕೆ ಮುಸುರೆ ಕಂಡಿತು. ನೀರು ಬಿಟ್ಟೆ, ಪಾತ್ರೆ ತೊಳೆಯುವ ಪುಡಿ ಹಾಕಿದೆ, ನಾರು ಹಚ್ಚಿ ತಿಕ್ಕಿದೆ.

ಬೋಗುಣಿಯ ಬಿಳಿ ತಳ ಕಾಣಿಸಿದಾಗ ತಿಳಿಯಿತು.

ಮೋರಿಯಲ್ಲಿ ಕಂದು ನೀರು ಹೊರಗಿನ ಮದರಂಗಿ ಗಿಡದ ಬುಡಕ್ಕೆ ಹರಿದು ಹೋಗುತ್ತಿತ್ತು. ಕೈ ಅಡ್ಡ ಹಿಡಿದೆ — ನೀರಿಗೆ!

ತೊಳೆದದ್ದಕ್ಕೆ ನಾನು ಇಷ್ಟು ವರ್ಷ ಅಳುಕಲಿಲ್ಲ ಮೇಡಂ. ಅದು ಯಾರ ಕೈಯಲ್ಲೂ ಆಗಬಹುದಾದದ್ದು. ನಿಮಗೊಂದು ಫೋನು ಮಾಡಿ “ಚೆಲ್ಲಿಬಿಟ್ಟೀನ್ರಿ” ಎಂದಿದ್ದರೆ ನೀವು ಒಂದು ದಿನ ಮುಖ ಊದಿಸುತ್ತಿದ್ದಿರಿ, ಪುಣೆಯ ದಿನವನ್ನು ಮುಂದೂಡುತ್ತಿದ್ದಿರಿ, ಮತ್ತೆ ಮೊದಲಿನಿಂದ ನಾಲ್ಕು ಸಲ ಬೇಯಿಸುತ್ತಿದ್ದೆವು. ಅಷ್ಟೇ. ಆದರೆ ನೀವು ಎಲ್ಲರ ಮುಂದೆ ಹೇಳುತ್ತಿದ್ದ ಮಾತೊಂದಿತ್ತಲ್ಲ — ‘ನಮ್ಮ ಅಕ್ಕನ ಕೈಯಾಗ ಇಟ್ಟದ್ದು ಒಂದು ಹನಿ ಕಡಿಮಿ ಆಗಂಗಿಲ್ಲ.’ ಆ ಮಾತು ಸುಳ್ಳಾಗುವುದನ್ನು ನನ್ನಿಂದ ನೋಡಲಾಗಲಿಲ್ಲ. ನಿಮ್ಮ ಕೆಲಸಕ್ಕಿಂತ ನನಗೆ ಆ ಹೊಗಳಿಕೆ ದೊಡ್ಡದಾಯಿತು.

ನಾಲ್ಕರ ಬಸ್ಸು ಬಿಟ್ಟೆ. ಬಿಳಿ ಪುಡಿ ತೂಗಿದೆ, ಆಮ್ಲ ಅಳೆದೆ, ಕಾಸಿದೆ. ಪಾಕ ತಿಳಿಯಾಯಿತು. ತಿಳಿಯಾದದ್ದು ನಾಲ್ಕು ಸಲ ದಾಟಿದ್ದೆಂದು ಯಾರು ನಂಬುತ್ತಾರೆ? ನಾಲ್ಕನೆಯ ಸಲದ ಲಿಗ್ನಿನ್ ಬಾಟಲಿಯಿಂದ ಕಂದು ಪುಡಿ ಒಂದು ಚಿಟಿಕೆ, ಇನ್ನೊಂದು ಚಿಟಿಕೆ — ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕರಗುತ್ತ ಕರಗುತ್ತ ಕಾಕಂಬಿಯ ಬಣ್ಣ ಬಂತು. ಪ್ರತಿ ಸಲ ದ್ರಾವಕದ ತೂಕವೂ ತುಸು ಇಳಿಯುತ್ತಿತ್ತಲ್ಲ, ಅದಕ್ಕೆ ಸರಿಯಾಗಿ ತುಸು ಕಡಿಮೆಯನ್ನೇ ಬೋಗುಣಿಯಲ್ಲಿ ಉಳಿಸಿದೆ. ಅಂಚಿಗೆ ಕರೆ ಇಲ್ಲವೆಂದು ಚಮಚದಿಂದ ಸವರಿ ಕರೆಯನ್ನೂ ಮಾಡಿದೆ. ನನ್ನ ಅಚ್ಚುಕಟ್ಟುತನವೆಲ್ಲ ಅವತ್ತು ಆ ಸುಳ್ಳಿಗೆ ಒದಗಿ ಬಂತು. ಆಮೇಲೆ ವಹಿ ತೆರೆದು ಬರೆದೆ: ‘ಐದನೆಯ ಸಲಕ್ಕೆ ಹಳೆಯ ದ್ರಾವಕ ತಯಾರು. ಮುಚ್ಚಿಟ್ಟಿದೆ.’

ದಾಳಿಂಬ ಮುಟ್ಟಿದಾಗ ಅತ್ತೆ ಹೊಸ್ತಿಲಲ್ಲೇ ಕೇಳಿದರು. “ಯಾಕ ತಡಾ?”

“ಪಾತ್ರಿ ಇದ್ದುವ್ರಿ ಅತ್ತಿ.”

“ಎಲ್ಲಾ ತೊಳದ ಬಂದಿಯಿಲ್ಲೋ?”

“ತೊಳದೆ.”

ಮೂರನೆಯ ದಿನ ನೀವು ಎಳ್ಳಿನ ಉಂಡೆಯ ಡಬ್ಬಿ ಹಿಡಿದು ಬಂದು, ಬೋಗುಣಿಯ ಮುಚ್ಚಳ ತೆಗೆದು ನೋಡಿ, ನನ್ನ ಬೆನ್ನು ತಟ್ಟಿದಿರಿ. ನಾನು ಉಂಡೆ ತಿಂದೆ.

ಐದನೆಯ ಸಲದ ಫಲ ನಾಲ್ಕನೆಯದನ್ನು ಮೀರಿಸಿ, ಮೊದಲನೆಯದರ ಸಮಕ್ಕೆ ಬಂತು. ಬರದೆ ಏನು, ಅದು ಹೊಸದೇ ಆಗಿತ್ತಲ್ಲ. ನೀವು ಎರಡು ಸಲ ತೂಗಿದಿರಿ, ಆಮೇಲೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಿರಿ. ದ್ರಾವಕ ಬಳಸುತ್ತ ಬಳಸುತ್ತ ಪಳಗುತ್ತದೆಯೋ ಏನೋ ಎಂದು ಅದಕ್ಕೊಂದು ಕಾರಣವನ್ನೂ ಕಂಡುಕೊಂಡಿರಿ. ಆ ಕಾರಣವನ್ನು ಪುಟಗಟ್ಟಲೆ ಬರೆದುಕೊಂಡು ಪುಣೆಗೆ ಹೋದಿರಿ. ಆಗಲಾದರೂ ನಾನು —

ಪುಣೆಯವರು ಮತ್ತೆ ಮಾಡಿ ತೋರಿಸಿ ಎಂದರು. ಎರಡು ಸಲ ಮೊದಲಿನಿಂದ ಮಾಡಿದೆವು. ಎರಡೂ ಸಲ ಐದನೆಯದು ನಾಲ್ಕನೆಯದಕ್ಕಿಂತ ಕೆಳಗೆ. ನಮ್ಮ ವಿಭಾಗದ ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಗುತ್ತ ಮರಾಠಿಯಲ್ಲಿ ಕೇಳಿದರು: “ಕಾಯ್ ಮ್ಯಾಡಂ, ಹೇ ಆಕಡೇ ಪ್ರಯೋಗಶಾಳೇತಲೇ, ಕೀ ಘರೂನ ಆಣಲೇ?” ಈ ಅಂಕಿಗಳು ಲ್ಯಾಬಿನವೋ, ಮನೆಯಿಂದ ತಂದವೋ ಎಂದು. ನಾನು ಚಹಾದ ಲೋಟ ಎತ್ತುತ್ತಿದ್ದೆ. ನಿಮ್ಮ ಕಿವಿ ಕೆಂಪಗಾದದ್ದನ್ನು ನೋಡಿದೆ. ಲೋಟ ಎತ್ತಿಕೊಂಡು ಹೊರಗೆ ಬಂದೆ.

ಅವತ್ತು ಸಂಜೆ ನೀವು ನನ್ನ ವಹಿಯನ್ನು ಮುಂದಿಟ್ಟುಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಿರಿ.

“ಅಕ್ಕಾ, ಅವತ್ತ ಬೋಗಣಿಯಾಗ ಇದ್ದದ್ದು ಹಳೇದೇ ಹೌದಲ್ಲಾ?”

“ಹೌದ್ರಿ ಮ್ಯಾಡಂ. ಹಳೇದೇ.”

ಮೊದಲನೆಯ ಸುಳ್ಳನ್ನು ಬರೆದಿದ್ದೆ. ಎರಡನೆಯದನ್ನು ನಿಮ್ಮ ಕಣ್ಣು ನೋಡಿ ಆಡಿದೆ. ನೀವು ವಹಿಯನ್ನು ಮುಚ್ಚಿ, “ಹಂಗಾರ ತಪ್ಪು ನಂದೇ ಅದ. ತೂಕದಾಗ ನನ್ನ ಕೈಯೇ ಎಲ್ಲೋ ತಪ್ಪೇದ,” ಎಂದಿರಿ. ಒಂದು ಗಳಿಗೆಯೂ ನನ್ನ ಮೇಲೆ ಸಂಶಯಪಡಲಿಲ್ಲ. ಪಟ್ಟಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ — ನೋಡಿ, ಇದೂ ಜಾರಿಕೊಳ್ಳುವ ಮಾತೇ.

ಪುಣೆಗೆ ಕಾಗದ ಬರೆದು, ಎಲ್ಲ ನಿಮ್ಮದೇ ಅಜಾಗರೂಕತೆ ಎಂದು ಒಪ್ಪಿಕೊಂಡು, ಡಾಕ್ಟರೇಟ್ ಬಿಟ್ಟಿರಿ. ವರ್ಷದ ಕೊನೆಗೆ ಕಾಲೇಜನ್ನೂ ಬಿಟ್ಟು ಉದಗೀರಿನ ಶಾಲೆಯೊಂದಕ್ಕೆ ಹೋದಿರಿ. ಹೋಗುವ ದಿನ ನಿಮ್ಮ ಏಪ್ರನ್ನನ್ನು ನನಗೆ ಕೊಟ್ಟಿರಿ. ಅದನ್ನು ನಾನು ಒಂದು ದಿನವೂ ಹಾಕಿಕೊಂಡಿಲ್ಲ.

ಹೋದ ವರ್ಷ ಉದಗೀರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಕೈಯಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟು. ಕೊಂಡ ಬಾರೆ ಹಣ್ಣಿನಲ್ಲಿ ಅರ್ಧ ನನ್ನ ಸೆರಗಿಗೆ ಸುರಿದು, “ವಹಿ ಬರೀತಿಯೇನಕ್ಕಾ ಇನ್ನಾ?” ಎಂದು ಕೇಳಿದಿರಿ. ಪ್ರಯೋಗದ ಮಾತನ್ನು ನಾನು ಎತ್ತಲಿಲ್ಲ. ನೀವೇ ಎತ್ತಿದಿರಿ.

“ಹೊಲದಾಗ ತೊಗರಿ ಕಟಗಿ ಸುಡೂದು ಕಂಡ್ರ ಬಸ್ಸಿನ ಕಿಟಕಿ ಮುಚ್ಕೋತೀನಿ ನೋಡು. ಹುಡುಗ್ರಿಗೆ ತೂಕ ಮಾಡಿ ತೋರ್ಸೂ ಮುಂದನೂ ಮೂರ ಮೂರ ಸಲ ನೋಡ್ತೀನಿ. ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ.”

ನಗುತ್ತಲೇ ಹೇಳಿದಿರಿ. ನಿಲಂಗಾದವರೆಗೆ ಆ ಬಾರೆ ಹಣ್ಣು ನನ್ನ ಸೆರಗಿನಲ್ಲೇ ಇತ್ತು.

ಈ ದೀಪಾವಳಿಯ ಮುಂಚೆ ಲ್ಯಾಬನ್ನು ಹೊಸ ಕಟ್ಟಡಕ್ಕೆ ಸಾಗಿಸಬೇಕೆಂದರು. ಕಪಾಟಿನ ಹಿಂದಿನಿಂದ ನಮ್ಮ ಸೀಸೆಗಳ ಪೆಟ್ಟಿಗೆ ಹೊರಬಂತು. ಐದು ಸೀಸೆ, ನನ್ನ ಕನ್ನಡದ ಚೀಟಿ. ಮೊದಲನೆಯದು ತಿಳಿ. ಎರಡು, ಮೂರು, ನಾಲ್ಕು — ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ, ಒಂದಕ್ಕಿಂತ ಒಂದು ಕಪ್ಪು. ಐದನೆಯದರಲ್ಲಿ ನಾನು ಹಾಕಿದ ಪುಡಿ ತಳಕ್ಕೆ ಕೂತು, ಮೇಲೆ ಪಾಕ ತಿಳಿಯಾಗಿ ನಿಂತಿತ್ತು. ಯಾರು ಬೇಕಾದರೂ ನೋಡಿ ಹೇಳಬಹುದು. ನಾಲ್ಕನೆಯ ಸಲದ ಲಿಗ್ನಿನ್ ಬಾಟಲಿಯೂ ಅಲ್ಲೇ ಇತ್ತು. ತೂಗಿದೆ, ಚೀಟಿಯ ಮೇಲೆ ಬರೆದದ್ದಕ್ಕಿಂತ ಕಡಿಮೆ ಬಂತು. ಆ ಕಡಿಮೆಯೇ ನನ್ನ ಚಿಟಿಕೆಗಳು.

ಈಗಿನ ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿ, ಅವರ ಒಪ್ಪಿಗೆ ಪಡೆದು, ಮತ್ತೆ ಮೊದಲಿನಿಂದ ಬೇಯಿಸಿದೆ. ನಿಮ್ಮ ಅಳತೆ, ನಿಮ್ಮ ಕಾವು, ನಿಮ್ಮ ಹೊತ್ತು. ಐದನೆಯದು ನಿನ್ನೆ ಮುಗಿಯಿತು. ನೀವು ಆಮೇಲೆ ಎರಡು ಸಲ ಮಾಡಿದಿರಲ್ಲ, ಜನ ನಕ್ಕರಲ್ಲ — ಫಲ ಅದರ ಪಕ್ಕಕ್ಕೇ ಬಂದು ಕೂತಿತು. ನಿಮ್ಮ ಕೈ ಎಲ್ಲೂ ತಪ್ಪಿರಲಿಲ್ಲ ಮೇಡಂ. ನೀವು ತೂಗಿದ ಒಂದೊಂದು ತೂಕವೂ ನಿಜ. ಆ ದ್ರಾವಕ ಮೆಲ್ಲಗೆ ಸವೆಯುತ್ತದೆ. ನೀವು ಮೊದಲು ಅಂದುಕೊಂಡದ್ದೂ ಅದೇ ಆಗಿತ್ತು. ನಿಮ್ಮ ಲೆಕ್ಕದಲ್ಲಿ ಸುಳ್ಳಾದದ್ದು ಒಂದೇ ಸಾಲು, ಅದು ನನ್ನದು.

ಆಗಿದ್ದನ್ನೆಲ್ಲ ಬರೆದು ಸಹಿ ಮಾಡಿ ಇವತ್ತು ಬೆಳಿಗ್ಗೆ ಪ್ರಾಚಾರ್ಯರಿಗೆ ಕೊಟ್ಟೆ, ಪುಣೆಗೂ ಅಂಚೆಗೆ ಹಾಕಿದೆ. ನಿಮ್ಮ ಕೈಗೆ ಇದು ಮುಟ್ಟುವ ಮೊದಲೇ ಹಾಗೆ ಮಾಡಿದ್ದು ಬೇಕೆಂದೇ. ನೀವು ದೊಡ್ಡ ಮನಸ್ಸು ಮಾಡಿ ‘ಹೋಗ್ಲಿ ಬಿಡಕ್ಕಾ’ ಎಂದುಬಿಟ್ಟರೆ ನಾನು ಅದನ್ನೇ ಹಿಡಿದುಕೊಂಡು ಸುಮ್ಮನಾಗಿಬಿಟ್ಟೇನು. ಕ್ಷಮೆ ಕೇಳುತ್ತಿಲ್ಲ. ಒಂಬತ್ತು ವರ್ಷ ನೀವು ನಿಮ್ಮ ಕೈಯನ್ನೇ ಅನುಮಾನಿಸಿಕೊಂಡಿರಲ್ಲ, ಅದನ್ನು ತಿರುಗಿ ಕೊಡುವುದು ನನ್ನಿಂದಾಗದು.

ನಾಳೆ ಎಳ್ಳಮಾಸಿ. ನೀವು ಔರಾದಿನ ಹೊಲದಲ್ಲಿರುತ್ತೀರಿ, ನಿಮ್ಮ ಹಬ್ಬವನ್ನು ಕೆಡಿಸುವುದಿಲ್ಲ. ಮರುದಿನ ಮೊದಲ ಬಸ್ಸಿಗೆ ಉದಗೀರಿಗೆ ಬರುತ್ತೇನೆ. ಈ ಕಾಗದ, ವಹಿಗಳು, ಐದು ಸೀಸೆ, ನಿಮ್ಮ ಏಪ್ರನ್ ಜೊತೆಗಿರುತ್ತವೆ. ನನ್ನನ್ನು ಒಳಗೆ ಕರೆಯದಿದ್ದರೂ ಸರಿ, ಅವನ್ನು ತೆಗೆದುಕೊಳ್ಳಿ.

ಅತ್ತೆ ಈಗಿಲ್ಲ, ಕಟ್ಟುನಿಟ್ಟು ಮಾತ್ರ ಉಳಿದಿದೆ. ಇಲ್ಲಿಯ ನನ್ನ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿ ಬಂದು ಲ್ಯಾಬಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೇಜಿನ ಮೇಲೆ ಅದೇ ಪಿಂಗಾಣಿ ಬೋಗುಣಿ ಇದೆ. ಅಂಚಿಗೆ ಕರೆ, ತಳದಲ್ಲಿ ಐದು ಸಲ ದಾಟಿ ಬಂದ ಕಪ್ಪು ದ್ರಾವಕ. ನಳ ಬಂದು ಅರ್ಧ ಗಂಟೆಯಾಯಿತು.

ಬೋಗುಣಿಯನ್ನು ನಾನು ಮುಟ್ಟಿಲ್ಲ.